ಟ್ರಿಕ್ಸಿಗೆ ಅಪ್‌ಗ್ರೇಡ್ ಮಾಡಿದ ಮೇಲೆ ಯುಕನ್ಸೋಲ್ ಪರದೆ ಕಪ್ಪು, ಲೆಕ್ಕದ ಕಡತಗಳೆಲ್ಲ ಒಳಗಿವೆ

ಮೆಕ್ಕೆಜೋಳ, ದಾವಣಗೆರೆ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ಮನೆ ಓದಿಕೊಂಡು ಹೋಗುತ್ತಿದ್ದವನು ನಾನು. ಈಗ ಕೈ ಸುಟ್ಟುಕೊಂಡು ಬಾಯಿ ಬಿಡುತ್ತಿದ್ದೇನೆ.

ಎಪಿಎಂಸಿ ಯಾರ್ಡ್‌ನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸಾಹುಕಾರರ ಕೆಂಪು ಬಟ್ಟೆಯ ಖಾತೆ ಪುಸ್ತಕ ಅದರ ಪಾಡಿಗೆ ಅದು ಇದೆ. ನಾನು ಮಾತ್ರ ಚೀಲದ ಲೆಕ್ಕ, ತೂಕ, ತೇವಾಂಶ, ರೈತರ ಪಟ್ಟಿ ಎಲ್ಲವನ್ನೂ ಯುಕನ್ಸೋಲ್ ಎಂಬ ಅಂಗೈ ಕಂಪ್ಯೂಟರ್‌ನಲ್ಲಿ ಸಾದಾ ಪಠ್ಯ ಕಡತಗಳಾಗಿ ಇಡುತ್ತೇನೆ. ಒಳಗಿರುವುದು ರಾಸ್ಪ್‌ಬೆರಿ ಪೈ ಸಿಎಂ4 ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡ್, ಒಳ ಸಂಗ್ರಹವಿಲ್ಲದ ಲೈಟ್ ಮಾದರಿ. ಎಲ್ಲವೂ ಮೈಕ್ರೋ ಎಸ್‌ಡಿ ಕಾರ್ಡ್‌ನಲ್ಲೇ ಇರುತ್ತದೆ. ಕೊಂಡಾಗ ಡೆಬಿಯನ್ ಎಂಬ ಲಿನಕ್ಸ್‌ನ 11ನೇ ಆವೃತ್ತಿ ಇತ್ತು. ಹೋದ ವರ್ಷ ನಾನೇ ಬುಕ್‌ವರ್ಮ್‌ಗೆ, ಅಂದರೆ 12ಕ್ಕೆ ಏರಿಸಿದೆ, ತೊಂದರೆ ಆಗಲಿಲ್ಲ. ಆ ಧೈರ್ಯದ ಮೇಲೆ ನಿನ್ನೆ ಸಂಜೆ ಟ್ರಿಕ್ಸಿಗೆ, ಅಂದರೆ 13ಕ್ಕೆ ಕೈ ಹಾಕಿದೆ.

ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಯಂತ್ರದಲ್ಲಿ ಬ್ಯಾಟರಿ ಇದ್ದುದರಿಂದ ಕೆಲಸ ನಿಲ್ಲಲಿಲ್ಲ. ಕೊನೆಯಲ್ಲಿ ಎರಡು ಸಾಲು ದೋಷ ತೋರಿಸಿತು, ಓದುವ ತಾಳ್ಮೆ ಇರಲಿಲ್ಲ, ರೀಸ್ಟಾರ್ಟ್ ಮಾಡಿದೆ. ಅಷ್ಟೇ. ಪರದೆ ಕಪ್ಪು. ಹಿಂಬೆಳಕೂ ಇಲ್ಲ. ಚಾರ್ಜರ್ ಹಾಕಿದರೆ ಚಾರ್ಜಿಂಗ್ ದೀಪ ಮಾತ್ರ ಉರಿಯುತ್ತದೆ.

ಪೆನ್‌ಡ್ರೈವ್‌ಗೆ ಪ್ರತಿ ತೆಗೆದು ಹನ್ನೊಂದು ದಿನ ಆಗಿದೆ. ಈ ಹನ್ನೊಂದು ದಿನ ಎಂದರೆ ಮೆಕ್ಕೆಜೋಳದ ಆವಕ ಕಟ್ಟೆಯೊಡೆದ ಹನ್ನೊಂದು ದಿನ. ದಯವಿಟ್ಟು ಯಾರಾದರೂ ದಾರಿ ತೋರಿಸಿ.


ಬೆಣ್ಣೆದೋಸೆ, ದಾವಣಗೆರೆ
ಭಾನುವಾರ, ರಾತ್ರಿ 9:58

ಕರೆಂಟು ಹೋದಾಗಲೇ ಕಾರ್ಡ್ ಕೆಟ್ಟಿದೆ, ಬರೆದಿಟ್ಟುಕೊಳ್ಳಿ. ಹೊಸ ಇಮೇಜ್ (ಇಡೀ ವ್ಯವಸ್ಥೆಯ ಸಿದ್ಧ ಪ್ರತಿ) ಬರೆದುಬಿಡಿ, ಇಪ್ಪತ್ತು ನಿಮಿಷದ ಕೆಲಸ. ಒಂದು ಆವೃತ್ತಿಯ ಮೇಲೆಯೇ ಇನ್ನೊಂದನ್ನು ಏರಿಸುವುದು ಬೇಡ, ಹೊಸ ಇಮೇಜ್‌ನಿಂದಲೇ ಶುರು ಮಾಡಿ ಎಂದು ರಾಸ್ಪ್‌ಬೆರಿ ಪೈ ಅವರೇ ಹೇಳುತ್ತಾರೆ. ಹಳೆಯ ದೋಸೆಯ ಮೇಲೆ ಹೊಸ ಹಿಟ್ಟು ಹುಯ್ದರೆ ಎರಡೂ ಕೆಡುತ್ತವೆ.


ಗಾಳಿಯಂತ್ರ, ಚಿತ್ರದುರ್ಗ
ಭಾನುವಾರ, ರಾತ್ರಿ 10:15

ಹೊಸ ಇಮೇಜ್ ಬರೆಯುವ ಮಾತು ಆಮೇಲೆ. ಸತ್ತಿರುವುದು ಯಂತ್ರವೋ, ಬರೀ ಪರದೆಯೋ?

ನನ್ನ ಕೆಲಸ ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ನಿರ್ವಹಣೆ. ಕೆಳಗಿನ ಕಂಟ್ರೋಲ್ ಪೆಟ್ಟಿಗೆಯ ಪರದೆ ಕಪ್ಪಾದರೆ ಹೊಸಬರು ಯಂತ್ರವೇ ಹೋಯಿತು ಎಂದು ಕಚೇರಿಗೆ ಫೋನ್ ಮಾಡುತ್ತಾರೆ. ತಲೆ ಎತ್ತಿ ನೋಡಿದರೆ ರೆಕ್ಕೆ ತಿರುಗುತ್ತಿರುತ್ತದೆ! ನಿಮ್ಮದೂ ಹಾಗೇ ಇರಬಹುದು.

ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಅದು ಮೊದಲೇ ಸೇರಿದ್ದುಂಟೇ? ಇದ್ದರೆ ಹಾಟ್‌ಸ್ಪಾಟ್ ಹಚ್ಚಿ, ಯುಕನ್ಸೋಲ್ ಆನ್ ಮಾಡಿ, ಎರಡು ನಿಮಿಷ ಬಿಟ್ಟು ಎಷ್ಟು ಸಾಧನ ಸೇರಿವೆ ಎಂದು ಮೊಬೈಲ್‌ನಲ್ಲೇ ನೋಡಿ. ಮೈಕ್ರೋ ಎಚ್‌ಡಿಎಂಐ ಕೇಬಲ್ ಇದ್ದರೆ ಟಿವಿಗೂ ಚುಚ್ಚಿ ನೋಡಬಹುದು.


ಮೆಕ್ಕೆಜೋಳ, ದಾವಣಗೆರೆ
ಸೋಮವಾರ, ಮಧ್ಯಾಹ್ನ 2:20

ಬೆಳಿಗ್ಗೆ ಎರಡು ಎಡವಟ್ಟು ಮಾಡಿಕೊಂಡೆ, ಹೇಳಿಬಿಡುತ್ತೇನೆ.

ಒಂದು, ಅಂಗಡಿಯಲ್ಲಿ ಮೈಕ್ರೋ ಎಚ್‌ಡಿಎಂಐ ಕೇಳಿ ತಂದೆ. ಮನೆಗೆ ಬಂದು ನೋಡಿದರೆ ಮಿನಿ. ಮೂತಿ ದೊಡ್ಡದು, ಒಳಗೆ ಹೋಗುವುದೇ ಇಲ್ಲ. ಬಿಲ್ ಇಲ್ಲದೆ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ.

ಎರಡು, ಕಾರ್ಡ್ ತೆಗೆದು ಅಕ್ಕನ ಮಗನ ಲ್ಯಾಪ್‌ಟಾಪ್‌ಗೆ ಹಾಕಿದೆ. ಅದು ವಿಂಡೋಸ್. ಹಾಕಿದ ಕೂಡಲೇ ಈ ಡಿಸ್ಕನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳಿತು. ಹುಡುಗ ಹೂಂ ಒತ್ತಲು ಬೆರಳು ಚಾಚಿದ್ದ, ನಾನು ಕೈ ಹಿಡಿದು ಎಳೆದೆ. ಬೇರೇನನ್ನೂ ಒತ್ತದೆ ಕಾರ್ಡ್ ಹೊರಗೆ ತೆಗೆದಿದ್ದೇನೆ. ಹಾಗಾದರೆ ಕಾರ್ಡ್ ನಿಜವಾಗಿ ಹಾಳಾಗಿದೆಯೇ?


ಏಳುಸುತ್ತು, ಚಿತ್ರದುರ್ಗ
ಸೋಮವಾರ, ಸಂಜೆ 4:05

ಹಾಳಾಗಿಲ್ಲ. ಆ ಹುಡುಗನ ಬೆರಳನ್ನು ತಡೆದಿರಲ್ಲ, ಅರ್ಧ ರಿಪೇರಿ ಅಲ್ಲೇ ಮುಗಿಯಿತು.

ಕಾರ್ಡ್‌ನಲ್ಲಿ ಎರಡು ಪಾರ್ಟಿಷನ್, ಅಂದರೆ ವಿಭಾಗ ಇರುತ್ತವೆ. ಮೊದಲನೆಯದು ಚಿಕ್ಕದು, ಯಂತ್ರ ಶುರುವಾಗಲು ಬೇಕಾದ ಬೂಟ್ ಪಾರ್ಟಿಷನ್, ಫ್ಯಾಟ್ 32 ರೂಪದ್ದು. ಅದನ್ನು ವಿಂಡೋಸ್ ಓದಬಲ್ಲದು. ಎರಡನೆಯದು ದೊಡ್ಡದು, ಲಿನಕ್ಸ್ ಬಳಸುವ ಇಎಕ್ಸ್‌ಟಿ4 ರೂಪದ್ದು. ನಿಮ್ಮ ಲೆಕ್ಕವೆಲ್ಲ ಅದರಲ್ಲಿದೆ. ವಿಂಡೋಸ್‌ಗೆ ಆ ಲಿಪಿ ಗೊತ್ತಿಲ್ಲ. ಓದಲು ಬಾರದ್ದೆಲ್ಲ ಅದಕ್ಕೆ ಖಾಲಿ ಹಲಗೆ, ಒರೆಸಲೇ ಎಂದು ಕೇಳುತ್ತದೆ. ಕೋಟೆಗೆ ಬರುವ ಪ್ರವಾಸಿಗರು ಶಾಸನದ ಮೇಲೆ ತಮ್ಮ ಹೆಸರು ಕೆತ್ತುವುದೂ ಇದೇ ತರ್ಕದಲ್ಲಿ.

ಈಗ ಮತ್ತೆ ಅದೇ ಲ್ಯಾಪ್‌ಟಾಪ್‌ಗೆ ಹಾಕಿ. ಪ್ರಶ್ನೆ ಬಂದರೆ ಬೇಡ ಎನ್ನಿ. ಚಿಕ್ಕ ಪಾರ್ಟಿಷನ್ ತೆರೆದು ಮೂರು ಸಂಗತಿ ನೋಡಿಕೊಂಡು ಬನ್ನಿ, ಏನನ್ನೂ ಅಳಿಸಬೇಡಿ. ಅದರ ಒಟ್ಟು ಅಳತೆ ಎಷ್ಟು, ಖಾಲಿ ಎಷ್ಟು? ಕರ್ನಲ್8 ಎಂಬ ಕಡತದ (ಕರ್ನಲ್ ಎಂದರೆ ವ್ಯವಸ್ಥೆಯ ತಿರುಳು) ದಿನಾಂಕ ಯಾವುದು? ಬೂಟ್ ಆಗುವಾಗ ಕರ್ನಲ್‌ಗೆ ನೆರವಾಗುವ ಇನಿಟ್‌ರಾಮ್‌ಎಫ್‌ಎಸ್8 ಎಂಬುದರ ದಿನಾಂಕ ಯಾವುದು? ಜೊತೆಗೆ, ಶನಿವಾರ ನೀವು ಟೈಪ್ ಮಾಡಿದ ಆದೇಶಗಳನ್ನು ನೆನಪಿದ್ದಷ್ಟು ಬರೆಯಿರಿ. ನಾಚಿಕೊಳ್ಳಬೇಡಿ, ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಇದಕ್ಕಿಂತ ದೊಡ್ಡ ಅವಾಂತರಗಳನ್ನು ನೋಡಿದ್ದೇನೆ.


ಮೆಕ್ಕೆಜೋಳ, ದಾವಣಗೆರೆ
ಸೋಮವಾರ, ರಾತ್ರಿ 8:30

ಮೇಷ್ಟ್ರೇ, ನೋಡಿದೆ. ಒಟ್ಟು 253 ಎಂಬಿ, ಖಾಲಿ ಇರುವುದು 1 ಎಂಬಿಗೂ ಕಡಿಮೆ. ಕರ್ನಲ್8 ಶನಿವಾರ ಸಂಜೆ 6:52ರದ್ದು. ಇನಿಟ್‌ರಾಮ್‌ಎಫ್‌ಎಸ್8 ಹೋದ ವರ್ಷದ್ದು! ಇವುಗಳ ಪಕ್ಕದಲ್ಲೇ 2712 ಎಂದು ಬಾಲ ಇರುವ ಇನ್ನೊಂದು ಜೋಡಿ ಕಡತಗಳಿವೆ, ಅವೂ ಶನಿವಾರದವು. ಹಿಂದೆ ನಾನೇ ತೆಗೆದಿಟ್ಟಿದ್ದ ಹಳೆಯ ಕರ್ನಲ್‌ನ ಎರಡು ಪ್ರತಿಗಳೂ ಅಲ್ಲೇ ಕೂತಿವೆ.

ಆದೇಶಗಳ ವಿಷಯ. ಪ್ಯಾಕೇಜ್‌ಗಳು ಎಲ್ಲಿಂದ ಬರಬೇಕೆಂಬ ಮೂಲಗಳ ಪಟ್ಟಿಯಲ್ಲಿ ಬುಕ್‌ವರ್ಮ್ ಇದ್ದಲ್ಲೆಲ್ಲ ಟ್ರಿಕ್ಸಿ ಎಂದು ಬದಲಿಸಿ ಫುಲ್ ಅಪ್‌ಗ್ರೇಡ್ ಕೊಟ್ಟೆ. ಅದಕ್ಕೂ ಮೊದಲು ಯಾವುದೋ ಲೇಖನ ನೋಡಿ, ವಿ8 ಮತ್ತು 2712 ಎಂಬ ಎರಡು ಕರ್ನಲ್ ಪ್ಯಾಕೇಜ್‌ಗಳನ್ನು ಹಾಕಿಕೊಳ್ಳುವ ಸಾಲನ್ನು ಹಾಗೆಯೇ ಎತ್ತಿ ಅಂಟಿಸಿದೆ. ಅದು ಮಾಮೂಲಿ ಪೈ ಬೋರ್ಡ್‌ಗೆ ಬರೆದ ಲೇಖನ ಎಂದು ಈಗ ಹೊಳೆಯುತ್ತಿದೆ.


ಏಳುಸುತ್ತು, ಚಿತ್ರದುರ್ಗ
ಸೋಮವಾರ, ರಾತ್ರಿ 9:10

ಸರಿ, ಕಳ್ಳ ಸಿಕ್ಕ. ಕರೆಂಟು ನಿರಪರಾಧಿ.

ಯುಕನ್ಸೋಲ್‌ನ ಐದು ಇಂಚಿನ ಪರದೆ ಮಾಮೂಲಿ ಮಾನಿಟರ್ ಅಲ್ಲ. ಅದನ್ನು ಎಬ್ಬಿಸುವ ಡ್ರೈವರ್ ರಾಸ್ಪ್‌ಬೆರಿ ಪೈನ ಸಾಮಾನ್ಯ ಕರ್ನಲ್‌ನಲ್ಲಿ ಇರುವುದಿಲ್ಲ, ಈ ಯಂತ್ರಕ್ಕೆಂದೇ ಕಟ್ಟಿದ ಕರ್ನಲ್‌ನಲ್ಲಿ ಮಾತ್ರ ಇರುತ್ತದೆ. ನೀವು ಅಂಟಿಸಿದ ಆ ಒಂದು ಸಾಲು ಸಾಮಾನ್ಯ ಕರ್ನಲ್ ಅನ್ನು ಒಳಗೆ ಕರೆತಂದಿತು. ಕರ್ನಲ್ ಪ್ಯಾಕೇಜ್ ಬಂದಾಗಲೆಲ್ಲ ಅದನ್ನು ಬೂಟ್ ಪಾರ್ಟಿಷನ್‌ಗೆ ನಕಲಿಸುವ ಒಂದು ಚಿಕ್ಕ ಸ್ಕ್ರಿಪ್ಟ್ ಇದೆ. ಅದು ತನ್ನ ಕರ್ತವ್ಯ ಮಾಡಿ, ನಿಮ್ಮ ಕರ್ನಲ್8 ಇದ್ದ ಜಾಗದಲ್ಲಿ ಹೊಸಬನನ್ನು ಕೂರಿಸಿತು. ಹೊಸಬನಿಗೆ ನಿಮ್ಮ ಪರದೆಯ ಪರಿಚಯವಿಲ್ಲ.

ಎರಡನೆಯ ತೊಂದರೆ ಜಾಗದ್ದು. ಡೆಬಿಯನ್ 11ರ ಕಾಲದ ಪೈ ಇಮೇಜ್‌ಗಳಲ್ಲಿ ಬೂಟ್ ಪಾರ್ಟಿಷನ್ 256 ಎಂಬಿ ಇತ್ತು. ಬುಕ್‌ವರ್ಮ್‌ನಿಂದ ಅದನ್ನು 512ಕ್ಕೆ ಏರಿಸಿದರು. ನೀವು ಒಳಗಿನ ಸಾಮಾನು ಬದಲಿಸುತ್ತಾ ಬಂದಿರಿ, ಕೋಣೆ ಅದೇ ಉಳಿಯಿತು. 2712 ಎನ್ನುವುದು ಪೈ 5ರ ಚಿಪ್‌ಗೆ ಬೇಕಾದ ಕರ್ನಲ್. ನಿಮ್ಮ ಸಿಎಂ4ನಲ್ಲಿರುವುದು 2711, ಅದಕ್ಕೆ ವಿ8 ಸಾಕು. ಕೆಲಸಕ್ಕೆ ಬಾರದ ಆ ಜೋಡಿ ಜಾಗ ನುಂಗಿತು, ಹೊಸ ಇನಿಟ್‌ರಾಮ್‌ಎಫ್‌ಎಸ್8 ನಕಲಾಗುವ ಹೊತ್ತಿಗೆ ಪಾರ್ಟಿಷನ್ ತುಂಬಿತ್ತು. ನೀವು ಓದದೆ ಬಿಟ್ಟ ಸಾಲುಗಳಲ್ಲಿ ಬಹುಶಃ ಒಂದು ಜಾಗ ಉಳಿದಿಲ್ಲ ಎಂಬುದು, ಇನ್ನೊಂದು ಪ್ಯಾಕೇಜ್ ಕೂರಿಸುವ ಡಿಪಿಕೆಜಿ ಸೋತಿತು ಎಂಬುದು.

ಸಮಾಧಾನದ ಮಾತೂ ಇದೆ. ಪೈ ಕರ್ನಲ್‌ನಲ್ಲಿ ಎಸ್‌ಡಿ ಕಾರ್ಡ್ ಮತ್ತು ಇಎಕ್ಸ್‌ಟಿ4 ಓದುವ ಶಕ್ತಿ ಒಳಗೇ ಸೇರಿರುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಹಳೆಯದಿದ್ದರೂ, ಇಲ್ಲದೇ ಹೋದರೂ ಸಾಮಾನ್ಯವಾಗಿ ಬೂಟ್ ಆಗುತ್ತದೆ. ಗಾಳಿಯಂತ್ರ ಅವರು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಅದನ್ನು ಇನ್ನೂ ನೀವು ಪರೀಕ್ಷಿಸಿಲ್ಲ.


ಮಾರಿಕಣಿವೆ, ಹಿರಿಯೂರು
ಸೋಮವಾರ, ರಾತ್ರಿ 9:45

ಅಣ್ಣ, ನಡುವೆ ಬಾಯಿ ಹಾಕುತ್ತಿದ್ದೇನೆ. ಬೂಟ್ ಹೊಂದಾಣಿಕೆಗಳಿರುವ ಕಾನ್ಫಿಗ್ ಕಡತ ತಿದ್ದುವ ಹಂತ ಬಂದರೆ ಯಾವ ಕಡತ ಎಂದು ಎರಡು ಸಲ ನೋಡಿಕೊಳ್ಳಿ. ಬುಕ್‌ವರ್ಮ್‌ನಿಂದ ಅದು ಬೂಟ್ ಡೈರೆಕ್ಟರಿಯಿಂದ ಅದರೊಳಗಿನ ಫರ್ಮ್‌ವೇರ್ ಡೈರೆಕ್ಟರಿಗೆ ಹೋಗಿದೆ. ನಾನೂ ನಿಮ್ಮಂತೆಯೇ 11ರಿಂದ 12ಕ್ಕೆ ಏರಿಸಿದ್ದೆ, ಆದರೆ ಯಾವ ಪಾರ್ಟಿಷನ್ ಯಾವ ಡೈರೆಕ್ಟರಿಯಲ್ಲಿ ಮೌಂಟ್ ಆಗಬೇಕು (ಸೇರಿಕೊಳ್ಳಬೇಕು) ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆ ಜಾಗ ಬದಲಿಸಿರಲಿಲ್ಲ. ಫರ್ಮ್‌ವೇರ್ ಎನ್ನುವುದು ನನ್ನಲ್ಲಿ ಬರೀ ಒಂದು ಡೈರೆಕ್ಟರಿ ಆಗಿತ್ತು, ಬೂಟ್ ಪಾರ್ಟಿಷನ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಒಂದು ಇಡೀ ಭಾನುವಾರ ಆ ಕಡತವನ್ನು ತಿದ್ದುತ್ತಾ ಕೂತೆ. ತಿದ್ದುತ್ತೇನೆ, ರೀಸ್ಟಾರ್ಟ್ ಮಾಡುತ್ತೇನೆ, ಏನೂ ಬದಲಾಗುವುದಿಲ್ಲ. ಅಮ್ಮ ಬಂದು, ಪರೀಕ್ಷೆಗೆ ಓದುತ್ತಿದ್ದಾಳೆ ಎಂದುಕೊಂಡು ಹಾಲು ಕೊಟ್ಟು ಹೋದರು.


ಮೆಕ್ಕೆಜೋಳ, ದಾವಣಗೆರೆ
ಮಂಗಳವಾರ, ಬೆಳಿಗ್ಗೆ 6:50

ಸೇರಿದೆ!

ಕಾರ್ಡ್ ವಾಪಸ್ ಹಾಕಿ, ಹಾಟ್‌ಸ್ಪಾಟ್ ಹಚ್ಚಿ, ಯಂತ್ರ ಆನ್ ಮಾಡಿ ಮೇಜಿನ ಮೇಲಿಟ್ಟೆ. ಪರದೆ ಹಂಚಿನಷ್ಟು ಕಪ್ಪು. ಮೊಬೈಲ್‌ನಲ್ಲಿ ಸಾಧನಗಳ ಸಂಖ್ಯೆ ಸೊನ್ನೆ, ಸೊನ್ನೆ, ಸೊನ್ನೆ. ಒಲೆಯ ಮೇಲಿದ್ದ ಚಹಾ ಇಳಿಸಿ ಬಂದು ನೋಡುತ್ತೇನೆ, 1. ನಂಬಲಾರದೆ ಯಂತ್ರವನ್ನು ಆಫ್ ಮಾಡಿದೆ, ಸೊನ್ನೆ ಆಯಿತು. ಮತ್ತೆ ಆನ್ ಮಾಡಿದೆ, ಮತ್ತೆ 1.

ಬೇರೆ ಕಂಪ್ಯೂಟರ್‌ನಿಂದ ಒಳಗೆ ಹೋಗುವ ದಾರಿ, ಎಸ್‌ಎಸ್‌ಎಚ್, ಹಿಂದೆಯೇ ತೆರೆದಿಟ್ಟಿದ್ದೆ. ಅಕ್ಕನ ಮಗನ ಲ್ಯಾಪ್‌ಟಾಪ್ ಅನ್ನು ಅದೇ ಹಾಟ್‌ಸ್ಪಾಟ್‌ಗೆ ಸೇರಿಸಿ, ಯಂತ್ರದ ಹೆಸರಿನ ಕೊನೆಗೆ ಚುಕ್ಕೆ ಲೋಕಲ್ ಎಂದು ಹಾಕಿ ಕರೆದೆ. ಪಾಸ್‌ವರ್ಡ್ ಕೇಳಿತು. ಯಾರಾದರೂ ಪಾಸ್‌ವರ್ಡ್ ಕೇಳಿದ್ದಕ್ಕೆ ಇಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಬೇರೆ ಏನನ್ನೂ ಮುಟ್ಟದೆ ಲೆಕ್ಕದ ಡೈರೆಕ್ಟರಿ ಪೂರ್ತಿ ಲ್ಯಾಪ್‌ಟಾಪ್‌ಗೆ ಎಳೆದುಕೊಂಡೆ. ಶನಿವಾರ ಮಧ್ಯಾಹ್ನದ ಕೊನೆಯ ಪಟ್ಟಿ ತೆರೆದು ನೋಡಿದೆ: ಜಗಳೂರಿನ ರೈತರದ್ದು, 64 ಚೀಲ, ತೇವಾಂಶ 14. ಇದೆ.


ಬೆಣ್ಣೆದೋಸೆ, ದಾವಣಗೆರೆ
ಮಂಗಳವಾರ, ಬೆಳಿಗ್ಗೆ 8:05

ಸಂತೋಷ. ಈಗಲಾದರೂ ಹೊಸ ಇಮೇಜ್ ಬರೆಯಿರಿ. ಕಡತ ಕೈಗೆ ಬಂದ ಮೇಲೆ ಆ ಹಳೆಯ ಮನೆಗೆ ತೇಪೆ ಹಾಕುವುದೇಕೆ?


ಏಳುಸುತ್ತು, ಚಿತ್ರದುರ್ಗ
ಮಂಗಳವಾರ, ಬೆಳಿಗ್ಗೆ 9:20

ಬೆಣ್ಣೆದೋಸೆಯವರ ಮಾತಿನಲ್ಲಿ ತಪ್ಪಿಲ್ಲ. ಭಾನುವಾರ ಹೇಳಿದಾಗ ತಪ್ಪಾಗಿತ್ತು, ಈಗ ಸರಿಯಾಗಿದೆ. 256 ಎಂಬಿ ಕೋಣೆಯಲ್ಲಿ ಬಹಳ ದಿನ ಸಂಸಾರ ಸಾಗುವುದಿಲ್ಲ. ಟ್ರಿಕ್ಸಿಯ ಬಿಡುಗಡೆ ಟಿಪ್ಪಣಿಯಲ್ಲಿ ಡೆಬಿಯನ್‌ನವರು ಬೂಟ್‌ಗೆ 768 ಎಂಬಿ, ಅದರಲ್ಲಿ 300 ಎಂಬಿ ಖಾಲಿ ಇರಲಿ ಎನ್ನುತ್ತಾರೆ. ಅದು ಸಾಮಾನ್ಯ ಕಂಪ್ಯೂಟರ್‌ಗಳಿಗೆ ಹೇಳಿದ್ದಾದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯುತ್ತದೆ.

ಆದರೆ ಇವರಿಗೆ ಇವತ್ತು ಯಾರ್ಡ್‌ನಲ್ಲಿ ಕೆಲಸವಿದೆ. ಹೊಸ ಇಮೇಜ್ ಎಂದರೆ ಕನ್ನಡ ಕೀಲಿಮಣೆ, ಫಾಂಟ್, ಪ್ರಿಂಟರ್, ಲೆಕ್ಕದ ಸ್ಕ್ರಿಪ್ಟ್‌ಗಳು ಎಲ್ಲವನ್ನೂ ಮತ್ತೆ ಕೂರಿಸಬೇಕು. ಇಪ್ಪತ್ತು ನಿಮಿಷ ಇಮೇಜ್ ಬರೆಯಲು ಮಾತ್ರ. ಈಗ ದುರಸ್ತಿ ಮಾಡಿಕೊಳ್ಳಲಿ, ಸುಗ್ಗಿ ಮುಗಿದ ಮೇಲೆ ಇನ್ನೊಂದು ಕಾರ್ಡ್‌ನಲ್ಲಿ ಹೊಸದಾಗಿ ಕಟ್ಟಲಿ. ಹಳೆಯ ಕಾರ್ಡ್ ಪೆಟ್ಟಿಗೆಯಲ್ಲಿರಲಿ.

ಮೆಕ್ಕೆಜೋಳ ಅವರೇ, ಹೇಳಿದ ಅನುಕ್ರಮದಲ್ಲೇ ಮಾಡಿ. ಚಾರ್ಜರ್ ಹಾಕಿರಲಿ. ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡುವಾಗ ಸ್ಕ್ರೀನ್ ಅಥವಾ ಟಿಮಕ್ಸ್ ಎಂಬ ತಂತ್ರಾಂಶದ ಒಳಗೆ ಕೂತುಕೊಳ್ಳಿ, ಹಾಟ್‌ಸ್ಪಾಟ್ ಕಡಿದರೂ ಒಳಗಿನ ಕೆಲಸ ನಿಲ್ಲುವುದಿಲ್ಲ. ಮೊದಲು ಬೂಟ್ ಪಾರ್ಟಿಷನ್ ನಿಜವಾಗಿ ಫರ್ಮ್‌ವೇರ್ ಡೈರೆಕ್ಟರಿಯಲ್ಲೇ ಮೌಂಟ್ ಆಗಿದೆಯೇ ನೋಡಿ, ಹಿರಿಯೂರಿನ ಹುಡುಗಿ ಹೇಳಿದ್ದು ಅದಕ್ಕೇ. ಆಮೇಲೆ ನಿಮ್ಮ ಆ ಎರಡು ಹಳೆಯ ಕರ್ನಲ್ ಪ್ರತಿಗಳನ್ನು ಮನೆ ಡೈರೆಕ್ಟರಿಗೆ ಸರಿಸಿ, ಅಳಿಸಬೇಡಿ. 2712ರ ಕರ್ನಲ್ ಪ್ಯಾಕೇಜ್ ತೆಗೆದುಹಾಕಿ. ಅದರ ಕಡತಗಳು ಬೂಟ್‌ನಲ್ಲಿ ಉಳಿದುಕೊಂಡಿದ್ದರೆ ಅವನ್ನೂ ತೆಗೆಯಿರಿ. ಜಾಗ ಎಷ್ಟಾಯಿತು ಎಂದು ಮತ್ತೆ ಅಳೆಯಿರಿ. ಈಗ ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಮುಗಿಸಲು ಡಿಪಿಕೆಜಿಗೆ ಕಾನ್ಫಿಗರ್ ಆದೇಶ ಕೊಡಿ, ಅದರ ಹಿಂದೆಯೇ ಪ್ಯಾಕೇಜ್ ತರಿಸುವ ಎಪಿಟಿಗೆ ಮುರಿದದ್ದನ್ನು ಸರಿಪಡಿಸುವ ಆದೇಶ.

ಇದೆಲ್ಲ ದೋಷವಿಲ್ಲದೆ ಮುಗಿದ ಮೇಲಷ್ಟೇ ಟ್ರಿಕ್ಸಿಗೆ ಹೊಂದುವ ಯುಕನ್ಸೋಲ್ ಕರ್ನಲ್ ಪ್ಯಾಕೇಜ್ ಹಾಕಿ. ಕಾನ್ಫಿಗ್ ಕಡತದಲ್ಲಿ ಯುಕನ್ಸೋಲ್‌ನ ಓವರ್‌ಲೇ ಸಾಲು (ಪರದೆಯಂಥ ಭಾಗಗಳನ್ನು ಕರ್ನಲ್‌ಗೆ ಪರಿಚಯಿಸುವ ಸಾಲು) ಉಳಿದಿದೆಯೇ ನೋಡಿ. ಕೊನೆಗೆ ಸಾಮಾನ್ಯ ವಿ8 ಕರ್ನಲ್ ಪ್ಯಾಕೇಜ್ ತೆಗೆಯಿರಿ. ಯಾವುದಾದರೂ ಅವಲಂಬನೆಯಿಂದ ತೆಗೆಯಲು ಬಾರದಿದ್ದರೆ, ಎಪಿಟಿಯಲ್ಲಿ ಅದನ್ನು ಹೋಲ್ಡ್ ಮಾಡಿ (ಬದಲಾಗದಂತೆ ತಡೆದು), ಕರ್ನಲ್8 ಯಾರದ್ದು ಎಂದು ದಿನಾಂಕ ನೋಡಿ ಖಚಿತ ಮಾಡಿಕೊಂಡೇ ರೀಸ್ಟಾರ್ಟ್ ಕೊಡಿ.

ನಡುವೆ ನಿಮ್ಮ ಕಡತ ಇಟ್ಟುಕೊಳ್ಳಲೇ, ಹೊಸದು ಹಾಕಲೇ ಎಂದು ಕೇಳಿದರೆ ನಿಮ್ಮದನ್ನೇ ಇಟ್ಟುಕೊಳ್ಳಿ.


ಗಾಳಿಯಂತ್ರ, ಚಿತ್ರದುರ್ಗ
ಮಂಗಳವಾರ, ಬೆಳಿಗ್ಗೆ 9:31

ದೋಷದ ಸಾಲು ಬಂದರೆ ಈ ಸಲ ಫೋಟೋ ತೆಗೆಯಿರಿ ಸರ್.


ಮೆಕ್ಕೆಜೋಳ, ದಾವಣಗೆರೆ
ಮಂಗಳವಾರ, ರಾತ್ರಿ 11:15

ಹಗಲೆಲ್ಲ ಯಾರ್ಡ್‌ನಲ್ಲಿ ಚೀಟಿಯ ಮೇಲೆ ಪೆನ್ಸಿಲ್‌ನಿಂದ ಬರೆದುಕೊಂಡೆ. ಹಮಾಲರು ಏನು ಅಣ್ಣ, ನಿಮ್ಮ ಆಟಿಕೆ ಎಲ್ಲಿ ಎಂದು ಕೇಳಿದರು. ರಾತ್ರಿ ಊಟ ಮುಗಿಸಿ ಕೂತೆ.

2712 ತೆಗೆದು, ಹಳೆಯ ಪ್ರತಿಗಳನ್ನು ಸರಿಸಿದ ಮೇಲೆ 100 ಎಂಬಿಗಿಂತ ಹೆಚ್ಚು ಜಾಗ ಬಂತು. ಡಿಪಿಕೆಜಿ ಮೂವತ್ತೊಂದು ಪ್ಯಾಕೇಜ್‌ಗಳನ್ನು ಒಂದೊಂದಾಗಿ ಕೂರಿಸಿತು. ಎಸ್‌ಎಸ್‌ಎಚ್‌ನ ಕಾನ್ಫಿಗ್ ಬಗ್ಗೆ ಪ್ರಶ್ನೆ ಬಂದಾಗ ನಮ್ಮದನ್ನೇ ಉಳಿಸಿದೆ. ಕರ್ನಲ್ ಹಾಕುವ ಮುನ್ನ ಕಾನ್ಫಿಗ್ ಕಡತ ತೆರೆದರೆ, ಮೇಷ್ಟ್ರೇ, ಓವರ್‌ಲೇ ಸಾಲಿನ ಆರಂಭದಲ್ಲಿ, ಆ ಸಾಲನ್ನೇ ನಿಷ್ಕ್ರಿಯಗೊಳಿಸುವ ಒಂದು ಹ್ಯಾಶ್ ಗುರುತು! ಕಪ್ಪು ಪರದೆ ನೋಡಿ ಗಾಬರಿಯಾಗಿ ಸೋಮವಾರ ವಿಂಡೋಸ್‌ನಲ್ಲಿ ನಾನೇ ಹಾಕಿದ್ದೆ, ಏನನ್ನೂ ಮುಟ್ಟಬೇಡಿ ಎಂದು ನೀವು ಹೇಳಿದ್ದರೂ. ಆ ದಿನ ಇಲ್ಲಿ ಹೇಳಲಿಲ್ಲ, ಕ್ಷಮಿಸಿ. ತೆಗೆದೆ.

ರೀಸ್ಟಾರ್ಟ್. ಕತ್ತಲು. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿದೆ. ಹಿಂಬೆಳಕು ಬಂತು, ಅಕ್ಷರಗಳು ಓಡಿದವು, ಡೆಸ್ಕ್‌ಟಾಪ್ ಬಂತು.

ಅಡ್ಡಡ್ಡ ಬಂತು. ಇಡೀ ಪರದೆ ಮಗ್ಗುಲಾಗಿ ಮಲಗಿದೆ. ಟ್ರ್ಯಾಕ್‌ಬಾಲ್ ಮೇಲೆ ತಳ್ಳಿದರೆ ಬಾಣ ಪಕ್ಕಕ್ಕೆ ಓಡುತ್ತದೆ. ಕತ್ತು ಓರೆ ಮಾಡಿಕೊಂಡು ಇದನ್ನು ಬರೆಯುತ್ತಿದ್ದೇನೆ.


ಮಾರಿಕಣಿವೆ, ಹಿರಿಯೂರು
ಬುಧವಾರ, ಬೆಳಿಗ್ಗೆ 7:12

ಅಣ್ಣ, ಅದು ಕೆಟ್ಟಿದ್ದಲ್ಲ. ಆ ಪರದೆಯೇ ಹುಟ್ಟಿನಿಂದ ನಿಂತ ಪರದೆ, 720 ಅಗಲ, 1280 ಎತ್ತರ. ನಾವು ಅದನ್ನು ಮಲಗಿಸಿ ಬಳಸುತ್ತೇವೆ. ನಿಮ್ಮ ಹಳೆಯ ತಿರುಗಿಸುವ ಸಾಲು ಡೆಸ್ಕ್‌ಟಾಪ್ ಕಿಟಕಿಗಳನ್ನು ನಡೆಸುತ್ತಿದ್ದ ವೇಫೈರ್‌ನ ಕಡತದಲ್ಲಿತ್ತು. ರಾಸ್ಪ್‌ಬೆರಿ ಪೈ ಓಎಸ್ 2024ರ ಅಕ್ಟೋಬರ್‌ನಲ್ಲೇ ಲ್ಯಾಬ್‌ಡಬ್ಲ್ಯೂಸಿಗೆ ಬದಲಾಗಿದೆ, ಅದು ವೇಫೈರ್‌ನ ಕಡತವನ್ನು ಮೂಸಿಯೂ ನೋಡುವುದಿಲ್ಲ. ಪರದೆಯ ಹೊಂದಾಣಿಕೆ ತೆರೆದು ದಿಕ್ಕು ಬದಲಿಸಿ, ಅಥವಾ ಆ ಹೊಂದಾಣಿಕೆ ಇಡುವ ಕನ್‌ಶಿ ಕಡತದಲ್ಲಿ ಟ್ರಾನ್ಸ್‌ಫಾರ್ಮ್ 90 ಎಂದು ಹಾಕಿ. ತಲೆಕೆಳಗಾದರೆ 270. ಬೂಟ್ ಆಗುವಾಗ ಓಡುವ ಅಕ್ಷರಗಳೂ ಅಡ್ಡ ಇದ್ದರೆ ಕರ್ನಲ್‌ಗೆ ಸೂಚನೆ ಕೊಡುವ ಸಿಎಂಡಿಲೈನ್ ಕಡತದ ಸಾಲಿನ ಕೊನೆಯಲ್ಲಿ ಎಫ್‌ಬಿಕಾನ್ ರೊಟೇಟ್ 1 ಸೇರಿಸಬೇಕು. ಅದೇ ಸಾಲಿನಲ್ಲಿ, ಹೊಸ ಸಾಲು ಮಾಡಬೇಡಿ.

ಕನ್ನಡ ಚೌಕ ಚೌಕವಾಗಿ ಕಂಡರೆ ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಫಾಂಟ್‌ಗಳ ಪ್ಯಾಕೇಜ್ ಇದೆ. ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆಯುವುದಕ್ಕೆ ಮಾತ್ರ ನನ್ನ ಬಳಿ ಮದ್ದಿಲ್ಲ.


ಮೆಕ್ಕೆಜೋಳ, ದಾವಣಗೆರೆ
ಬುಧವಾರ, ಮಧ್ಯಾಹ್ನ 1:30

90 ಹಾಕಿದೆ, ನೆಟ್ಟಗಾಯಿತು ತಂಗಿ. ಕತ್ತು ಇನ್ನೂ ನೆಟ್ಟಗಾಗಿಲ್ಲ.

ಬೆಳಿಗ್ಗೆಯಿಂದ ವೇಬ್ರಿಜ್ ಪಕ್ಕದ ಕಟ್ಟೆಯ ಮೇಲೆ ಕೂತು ಮೂರು ದಿನದ ಚೀಟಿಗಳನ್ನು ಏರಿಸಿದೆ. ಸಾಹುಕಾರರ ಕೆಂಪು ಪುಸ್ತಕಕ್ಕೂ ನನ್ನದಕ್ಕೂ ಎರಡು ಚೀಲ ವ್ಯತ್ಯಾಸ ಬಂತು. ಹುಡುಕಿದರೆ ತಪ್ಪು ನನ್ನ ಪೆನ್ಸಿಲ್ ಚೀಟಿಯದ್ದು, 7 ಬರೆದದ್ದು 9ರಂತೆ ಇದೆ. ಸಾಹುಕಾರರು ಏನೂ ಹೇಳಲಿಲ್ಲ, ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು.

64 ಜಿಬಿಯ ಇನ್ನೊಂದು ಕಾರ್ಡ್ ತಂದಿಟ್ಟಿದ್ದೇನೆ. ಆವಕ ಇಳಿದ ಮೇಲೆ ಅದರಲ್ಲಿ ಹೊಸದಾಗಿ ಕಟ್ಟುತ್ತೇನೆ, ಬೆಣ್ಣೆದೋಸೆಯವರ ದಾರಿಯಲ್ಲಿ. ಅಲ್ಲಿಯವರೆಗೆ ಎಪಿಟಿಯ ಹತ್ತಿರವೂ ಸುಳಿಯುವುದಿಲ್ಲ.


ಬೆಣ್ಣೆದೋಸೆ, ದಾವಣಗೆರೆ
ಬುಧವಾರ, ಮಧ್ಯಾಹ್ನ 1:52

ನನ್ನ ದಾರಿಗೆ ಬಂದಿರಲ್ಲ, ಸಾಕು. ಅಂದಹಾಗೆ ಆ ಎಚ್‌ಡಿಎಂಐ ಕೇಬಲ್ ನಿಮಗೆ ಬೇಡವಾದರೆ ನನಗೆ ಕೊಡಿ, ನನ್ನ ಪೈ 4ಕ್ಕೆ ಒಂದು ಬೇಕಿತ್ತು.


ಮೆಕ್ಕೆಜೋಳ, ದಾವಣಗೆರೆ
ಬುಧವಾರ, ಮಧ್ಯಾಹ್ನ 2:03

ಪೈ 4ಕ್ಕೂ ಮೈಕ್ರೋ ಬೇಕು ಸರ್. ನನ್ನ ಹತ್ತಿರ ಇರುವುದು ಮಿನಿ.